ಪೂರ್ತಿ ನಲವತ್ತು ನಿಮಿಷ

ಇಸೊಬೆ ತಾತ್ಸುಯೆಗೆ ಅರವತ್ತೊಂದು ವರ್ಷ. ಕಝುರಾ ದ್ವೀಪದ ದಕ್ಕೆಯಲ್ಲಿ ಲಾಂಚಿನ ಹಗ್ಗ ಹಿಡಿಯುವುದು ಅವಳ ಕೆಲಸ. ದಿನಕ್ಕೆ ನಾಲ್ಕು ಸಲ ಲಾಂಚು ಬರುತ್ತದೆ, ನಾಲ್ಕು ಸಲ ಮೇಲಿನಿಂದ ಹಗ್ಗ ಬೀಳುತ್ತದೆ, ಅವಳು ಅದನ್ನು ಹಿಡಿದು ಕಬ್ಬಿಣದ ಗೂಟಕ್ಕೆ ಸುತ್ತುತ್ತಾಳೆ. ಮೂವತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಹಗ್ಗ ನೀರಿಗೆ ಬಿದ್ದಿಲ್ಲ ಎಂದು ಅವಳು ಹೇಳುತ್ತಾಳೆ. ಬಿದ್ದಿದೆ, ಎರಡು ಸಲ, ಊರಿನವರೆಲ್ಲ ನೋಡಿದ್ದಾರೆ. ಆದರೆ ಅದನ್ನು ಅವಳ ಮುಖದ ಮೇಲೆ ಹೇಳುವ ಗಂಡು ಆ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ.

ದ್ವೀಪದ ಮಕ್ಕಳಿಗೆ ಅವಳು ಫುಟ್‌ಬಾಲ್ ಕೋಚ್ ಕೂಡ. ಯಾರೂ ನೇಮಿಸಿದ್ದಲ್ಲ. ಶಾಲೆಯ ಮೇಷ್ಟರೊಬ್ಬರು ಕಟ್ಟಿದ ತಂಡ ಅದು. ದ್ವೀಪಕ್ಕೆ ಬಂದ ಮೇಷ್ಟರು ಮೂರು ವರ್ಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅವರಿಗೂ ವರ್ಗವಾಯಿತು. ಹೊರಡುವ ದಿನ ಚೆಂಡುಗಳ ಚೀಲವನ್ನು ದಕ್ಕೆಯಲ್ಲಿ ತಾತ್ಸುಯೆಯ ಕೈಗಿಟ್ಟು, "ಹೊಸ ಮೇಷ್ಟ್ರು ಬಂದ್ರೆ ಕೊಟ್ಬಿಡಿ" ಎಂದು ಲಾಂಚು ಹತ್ತಿದರು. ಹೊಸ ಮೇಷ್ಟರು ಬಂದರು. ಅವರಿಗೆ ಪಿಟೀಲಿನ ಹುಚ್ಚು. ಚೀಲ ಇವಳಲ್ಲೇ ಉಳಿಯಿತು. ಚಿಕ್ಕಂದಿನಲ್ಲಿ ಮೀನು ಒಣಗಿಸುವ ಬಯಲಿನಲ್ಲಿ ಹುಡುಗರ ಜೊತೆ ಆಡಿದ್ದಳು. ಗೋಲಿಗೆ ನಿಲ್ಲಲು ಯಾವ ಹುಡುಗನೂ ಒಪ್ಪುತ್ತಿರಲಿಲ್ಲವೆಂದು ಇವಳನ್ನು ನಿಲ್ಲಿಸುತ್ತಿದ್ದರು. ಅಷ್ಟು ವಿದ್ಯೆ ಇಟ್ಟುಕೊಂಡು, ನಿಯಮದ ಪುಸ್ತಕವನ್ನು ಮೂರು ಸಲ ಓದಿ, ಮಕ್ಕಳನ್ನು ಕರೆದಳು. ಅದಕ್ಕೆ ಈಗ ಹತ್ತೊಂಬತ್ತು ವರ್ಷ.

ಹತ್ತೊಂಬತ್ತು ವರ್ಷದಲ್ಲಿ ತಂಡ ಗೆದ್ದದ್ದು ಹನ್ನೊಂದು ಪಂದ್ಯ. ಅದರಲ್ಲಿ ಒಂಬತ್ತು ಒಂದೇ ವರ್ಷದ್ದು. ಆ ವರ್ಷ ಬೆಸ್ತರ ಮನೆಯೊಂದರ ಮೂವರು ಅಣ್ಣತಮ್ಮಂದಿರು, ಒಬ್ಬನಿಗಿಂತ ಒಬ್ಬ ಗಟ್ಟಿ, ಒಟ್ಟಿಗೆ ತಂಡದಲ್ಲಿದ್ದರು. ಬೆಟ್ಟದ ಹಳ್ಳಿಯೊಂದರ ತಂಡದ ಮೇಲೆ ಅರ್ಧ ಆಟದೊಳಗೆ ಒಂಬತ್ತು ಗೋಲು ಹೊಡೆದರು. ತಾತ್ಸುಯೆ ಹುಡುಗರನ್ನು ಗೆರೆಯ ಬಳಿ ಕರೆದಳು. "ಸಾಕು ಕಣ್ರೋ, ಪಾಪ, ಸುಮ್ನೆ ಪಾಸ್ ಮಾಡ್ಕೊಂಡಿರಿ" ಎಂದಳು. ಹುಡುಗರು ಹೇಳಿದ ಮಾತು ಕೇಳುವವರು. ಚೆಂಡು ಇವನಿಂದ ಅವನಿಗೆ, ಅವನಿಂದ ಇವನಿಗೆ. ಬೆಟ್ಟದ ಮಕ್ಕಳು ನಡುವೆ ಓಡಿ ಓಡಿ ದಣಿದರು. ಒಬ್ಬ ಓಡುವುದನ್ನೇ ಬಿಟ್ಟು ಹುಲ್ಲಿನ ಮೇಲೆ ಕೂತ. ಆಟ ಮುಗಿದ ಮೇಲೆ ಆ ತಂಡದ ಕೋಚ್, ಎಪ್ಪತ್ತು ದಾಟಿದ ಅಣಬೆ ಬೆಳೆಗಾರ, ಅವಳ ಮುಂದೆ ಬಂದು ಟೋಪಿ ತೆಗೆದು ಬಗ್ಗಿ ನಮಸ್ಕರಿಸಿದ. ತಲೆ ಎತ್ತದೆಯೇ ಹೇಳಿದ:

"ನಮ್ ಮಕ್ಕಳು ಎರಡು ಬಸ್ ಬದಲಾಯಿಸ್ಕೊಂಡು ಆಡೋಕೆ ಬಂದಿದ್ರು, ತಾಯಿ. ನಿಮ್ಮೋರು ನಾಯಿಮರಿ ಓಡಿಸಿದ ಹಾಗೆ ಓಡಿಸಿಬಿಟ್ರು. ಇಪ್ಪತ್ತು ಗೋಲು ಹೊಡ್ಸಿಕೊಂಡಿದ್ರೂ ಇಷ್ಟು ನೋವಾಗ್ತಿರ್ಲಿಲ್ಲ."

ಬಗ್ಗಿ ನಮಸ್ಕಾರ ಮಾಡಿ ಬೈದರೆ ಎಷ್ಟು ಉರಿಯುತ್ತದೆಂದು ಅವಳಿಗೆ ಅವತ್ತು ತಿಳಿಯಿತು. ವಾರವಿಡೀ ಅನ್ನ ರುಚಿಸಲಿಲ್ಲ. ಮುಂದಿನ ಪಂದ್ಯದಿಂದ ತನ್ನದೇ ಒಂದು ಕಟ್ಟಳೆ ಮಾಡಿಕೊಂಡಳು. ನಾಲ್ಕು ಗೋಲು ಮುಂದಾದರೆ ತನ್ನ ತಂಡದಿಂದ ಒಬ್ಬನನ್ನು ಹೊರಗೆ ಕೂರಿಸುವುದು. ಇನ್ನೂ ನಾಲ್ಕಾದರೆ ಇನ್ನೊಬ್ಬನನ್ನು. ಒಳಗೆ ಉಳಿದವರು ಮಾತ್ರ ಬೆವರು ಕಿತ್ತುಬರುವಂತೆ ಆಡಬೇಕು. "ಆಳು ಕಮ್ಮಿ ಮಾಡು, ಆಟ ಕಮ್ಮಿ ಮಾಡ್ಬೇಡ" ಎಂಬುದು ಅಂದಿನಿಂದ ಅವಳ ಬಾಯಿಪಾಠ. ಆ ಅಣ್ಣತಮ್ಮಂದಿರು ದೊಡ್ಡವರಾಗಿ ಹೋದ ಮೇಲೆ ಆ ಕಟ್ಟಳೆಯನ್ನು ಬಳಸುವ ಭಾಗ್ಯ ಅವಳಿಗೆ ಬರಲಿಲ್ಲ. ಸೋಲುವ ತಂಡದವಳಾಗಿಯೇ ಉಳಿದಳು.

ಈ ವರ್ಷ ತಂಡದಲ್ಲಿದ್ದದ್ದು ಎಂಟೇ ಮಕ್ಕಳು. ಮಕ್ಕಳ ಆಟಕ್ಕೆ ಬೇಕಾದದ್ದೂ ಎಂಟೇ. ಒಬ್ಬರಿಗೆ ನೆಗಡಿಯಾದರೆ ಏಳು. ಇಬ್ಬರಂತೂ ಮೂರನೇ ಕ್ಲಾಸಿನ ಚೋಟುಗಳು, ಅಂಗಿ ಮೊಣಕಾಲಿನವರೆಗೆ ಬರುತ್ತಿತ್ತು. ಆರನೇ ಕ್ಲಾಸಿನ ಹಿಯೊರಿ, ಕಿತ್ತಳೆ ತೋಟದವರ ಮಗಳು, ಓಡುವುದರಲ್ಲಿ ಗಾಳಿ, ಮಾತಿನಲ್ಲಿ ಕಲ್ಲು. ಗೋಲಿಗೆ ನಿಲ್ಲುವವನು ಐದನೇ ಕ್ಲಾಸಿನ ಗೆಂಟಾ, ಇಬ್ಬರ ಮಾತನ್ನೂ ಒಬ್ಬನೇ ಆಡುವವನು.

ಲೀಗು ನಡೆಸುವುದು ಎದುರು ದಡದ ಮಿನೊಹಾಮಾ ಪಟ್ಟಣದ ಸಮಿತಿ. ಅದು ಈ ವರ್ಷ ಹೊಸ ನಿಯಮ ತಂದಿತು: ಗೋಲಿನ ಅಂತರ ಹತ್ತಾದ ಕೂಡಲೇ ಪಂದ್ಯ ನಿಲ್ಲಿಸುವುದು. ಅಧ್ಯಕ್ಷ ನೀಮುರಾ, ನಿವೃತ್ತ ಉಪಮುಖ್ಯೋಪಾಧ್ಯಾಯ, ಕೆಟ್ಟ ಮನುಷ್ಯನಲ್ಲ. ಹಿಂದಿನ ವರ್ಷ ಒಬ್ಬ ಹುಡುಗ ಹತ್ತೊಂಬತ್ತು ಗೋಲು ಬಿಟ್ಟುಕೊಟ್ಟು ಅತ್ತು ಅತ್ತು ಚೆಂಡು ಮುಟ್ಟುವುದನ್ನೇ ಬಿಟ್ಟಿದ್ದ. ಅವನ ಅಜ್ಜಿ ಸಮಿತಿಗೆ ಬಂದು ಕಣ್ಣೀರಿಟ್ಟಿದ್ದಳು. ಸೋಲುವ ಮಕ್ಕಳ ಮೇಲಿನ ಕರುಣೆಯಿಂದಲೇ ನೀಮುರಾ ಆ ನಿಯಮ ಬರೆದದ್ದು. ಸೋಲುವ ಮಕ್ಕಳನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಮೇ ತಿಂಗಳ ಮೊದಲ ಪಂದ್ಯ. ಬೆಳಗ್ಗೆ ಏಳೂ ಇಪ್ಪತ್ತರ ಲಾಂಚು, ಒಂದೂಮುಕ್ಕಾಲು ಗಂಟೆ ಸಮುದ್ರ, ಆಮೇಲೆ ಬಸ್ಸು. ಹತ್ತೂವರೆಗೆ ಆಟ ಶುರುವಾಯಿತು. ಹತ್ತೂ ನಲವತ್ತನಾಲ್ಕಕ್ಕೆ ಹತ್ತನೇ ಗೋಲು ಬಿತ್ತು, ಉದ್ದ ಸೀಟಿ ಕೇಳಿತು, ಮುಗಿಯಿತು. ವಾಪಸ್ ಲಾಂಚು ಇರುವುದು ಸಂಜೆ ನಾಲ್ಕೂ ಹತ್ತಕ್ಕೆ. ಮಕ್ಕಳು ಹನ್ನೊಂದು ಗಂಟೆಗೇ ಬುತ್ತಿಯ ಅನ್ನದುಂಡೆ ತಿಂದು ಮುಗಿಸಿ, ಬೇಲಿಗೊರಗಿ ಬೇರೆಯವರ ಆಟ ನೋಡುತ್ತ ಕೂತರು. ಹೊಸ ಬೂಟು ಹಾಕಿಕೊಂಡು ಬಂದಿದ್ದ ಚೋಟು ಅದಕ್ಕೆ ಮಣ್ಣೂ ಆಗಲಿಲ್ಲವೆಂದು ಬೇಕೆಂದೇ ನೆಲಕ್ಕೆ ಉಜ್ಜುತ್ತಿದ್ದ.

ಲಾಂಚಿನಲ್ಲಿ ಗೆಂಟಾ ಕೇಳಿದ: "ಕೋಚ್, ನಮ್ಮನ್ನ ಹೊರಗ್ ಹಾಕಿದ್ರಾ?"

"ಇಲ್ಲ ಕಣೋ. ಕರುಣೆ ತೋರಿಸಿದ್ರು."

"ಹೌದಾ. ಮುಂದಿನ್ ಸಲ ತೋರಿಸ್ಬೇಡಿ ಅಂತ ಹೇಳ್ತೀರಾ?"

ಹೇಳಿದಳು. ರಜೆ ಹಾಕಿ ಪಟ್ಟಣಕ್ಕೆ ಹೋಗಿ ನೀಮುರಾ ಅವರ ಎದುರು ಕೂತು ಹೇಳಿದಳು. ಗೆಲ್ಲುವ ತಂಡದಿಂದ ಆಳು ಕಡಿಮೆ ಮಾಡಿಸಿ ಎಂದಳು. ಅದಾಗದಿದ್ದರೆ ಹತ್ತಾದಾಗ ಅಂಕ ಬರೆಯುವುದು ನಿಲ್ಲಿಸಿ, ಆಟ ನಿಲ್ಲಿಸಬೇಡಿ ಎಂದಳು. ನೀಮುರಾ ಚಹಾ ತರಿಸಿ, ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಅವಳ ಮನೆತನದ ಹೆಸರಿಗೆ ಗೌರವದ ‘ಸಾನ್’ ಸೇರಿಸಿ, "ತುಂಬಾ ಒಳ್ಳೆ ಸಲಹೆ, ಇಸೊಬೆ-ಸಾನ್. ಆದ್ರೆ ಪುಸ್ತಕದಲ್ಲಿಲ್ಲ" ಎಂದರು.

ಜೂನ್ ತಿಂಗಳಲ್ಲಿ ಹದಿನೆಂಟನೇ ನಿಮಿಷಕ್ಕೆ ಸೀಟಿ ಊದಿದಾಗ ತಾತ್ಸುಯೆ ಎಂಟು ಮಕ್ಕಳನ್ನೂ ಕರೆದುಕೊಂಡು ಹೋಗಿ ಮೈದಾನದ ನಡುವೆ ಕೂತಳು. ಉಳಿದ ಇಪ್ಪತ್ತೆರಡು ನಿಮಿಷ ಪೂರ್ತಿ ಕೂತಳು. ಮುಂದಿನ ಪಂದ್ಯದ ತಂಡಗಳು ಗೆರೆಯಾಚೆ ಬಾಯಿ ಬಿಟ್ಟು ನಿಂತಿದ್ದವು. ವಾರದಲ್ಲಿ ಕೆಂಪು ಮೊಹರಿನ ಕಾಗದ ಬಂತು. ಇನ್ನೊಮ್ಮೆ ಹೀಗಾದರೆ ಕಝುರಾ ತಂಡಕ್ಕೆ ಮುಂದಿನ ವರ್ಷ ಲೀಗಿನಲ್ಲಿ ಜಾಗವಿಲ್ಲ.

ಕಾಗದದ ಸುದ್ದಿ ದ್ವೀಪಕ್ಕೆಲ್ಲ ಹರಡಲು ಒಂದು ಲಾಂಚು ಬಂದು ಹೋಗುವಷ್ಟು ಹೊತ್ತು ಸಾಕಾಯಿತು. ಹಿಯೊರಿಯ ಅಪ್ಪ ದಕ್ಕೆಗೆ ಬಂದು, ಕಿತ್ತಳೆ ಪೆಟ್ಟಿಗೆ ಇಳಿಸಿ, ಬೆವರು ಒರೆಸುತ್ತ ಹೇಳಿದ: "ತಾತ್ಸುಯೆ ಅಕ್ಕ, ನಿಮ್ ಮಾತು ನ್ಯಾಯವೇ. ಆದ್ರೂ ಬಾಯಿಗೊಂದು ಬೀಗ ಹಾಕಿ. ನಮ್ ಮಕ್ಕಳು ಬೇರೆ ಮಕ್ಕಳ ಮುಖ ನೋಡೋದು ಆ ಲೀಗಲ್ಲಿ ಮಾತ್ರ."

ಅದು ನಿಜ. ದ್ವೀಪದ ಶಾಲೆಯಲ್ಲಿ ಇದ್ದದ್ದೇ ಹದಿಮೂರು ಮಕ್ಕಳು. ತಾತ್ಸುಯೆ ಬೀಗ ಹಾಕಿದಳು. ಜುಲೈಯಿಂದ ಅಕ್ಟೋಬರ್‌ವರೆಗೆ ನಾಲ್ಕು ಪಂದ್ಯ, ನಾಲ್ಕಕ್ಕೂ ಅರ್ಧದಲ್ಲೇ ಸೀಟಿ. ನಾಲ್ಕು ಸಲವೂ ಅವಳು ತುಟಿ ಕಚ್ಚಿ, ಮಕ್ಕಳನ್ನು ಸಾಲು ನಿಲ್ಲಿಸಿ, ನಮಸ್ಕಾರ ಮಾಡಿಸಿ ಕರೆತಂದಳು. ಅವಳ ಬಾಯಿ ಮುಚ್ಚಿದ್ದನ್ನು ಊರು ಕಂಡದ್ದು ಅದೇ ಮೊದಲು. ಕೆಲವರಿಗೆ ಹಾಯೆನಿಸಿತು, ಹೆಚ್ಚಿನವರಿಗೆ ಹೆದರಿಕೆಯಾಯಿತು.

ನವೆಂಬರಿನ ಮೂರನೇ ಭಾನುವಾರ ವರ್ಷದ ಕೊನೆಯ ಪಂದ್ಯ, ಪಟ್ಟಣದ ಅತ್ಯಂತ ಬಲವಾದ ತಂಡದ ಮೇಲೆ. ನೀಮುರಾ ಸ್ವತಃ ಬಂದು ಗೆರೆಯ ಪಕ್ಕ ಮಡಚು ಕುರ್ಚಿ ಹಾಕಿ, ತೊಡೆಯ ಮೇಲೆ ನೋಟುಪುಸ್ತಕ ಇಟ್ಟುಕೊಂಡು ಕೂತಿದ್ದರು. ಎದುರು ತಂಡದ ಕೋಚ್ ಸೆಗಾವಾ, ಇಪ್ಪತ್ತಾರರ ಹುಡುಗ, ಆಟಕ್ಕೆ ಮುಂಚೆಯೇ ಹೂರಣದ ಸಿಹಿಯ ಡಬ್ಬಿ ಹಿಡಿದು ಬಂದ. ಎರಡು ಸಲ ಬಗ್ಗಿದ.

"ಇಸೊಬೆ-ಸಾನ್, ಇವತ್ತು ನೀವೇನೂ ಚಿಂತೆ ಮಾಡ್ಬೇಡಿ. ನಿಮ್ ಮಕ್ಕಳು ಪೂರ್ತಿ ನಲವತ್ತು ನಿಮಿಷ ಆಡೋ ಹಾಗೆ ನಾನು ನೋಡ್ಕೋತೀನಿ."

"ಹೇಗ್ ನೋಡ್ಕೋತೀರಪ್ಪಾ?"

"ಒಂಬತ್ತಾದ ಮೇಲೆ ನಮ್ಮೋರು ಹೊಡೆಯಲ್ಲ."

ತಾತ್ಸುಯೆ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಬಗ್ಗಿದಳು, ನೆಟ್ಟಗಾದಳು. "ಸೆಗಾವಾ-ಸಾನ್, ನಿಮ್ಮದು ಒಳ್ಳೆ ಮನಸ್ಸು, ನನಗೆ ಗೊತ್ತು. ಆದ್ರೆ ಹಾಗ್ ಮಾಡ್ಬೇಡಿ. ಹೊಡೆಯೋದನ್ನ ಹೊಡೀರಿ. ಬೇಕಾದ್ರೆ ಇಬ್ಬರನ್ನ ಹೊರಗೆ ಕೂರಿಸಿ."

"ಅದಕ್ಕೆ ಸಮಿತಿ ಒಪ್ಪಲ್ಲವಲ್ಲ" ಎಂದು ಸೆಗಾವಾ ಕುರ್ಚಿಯ ಕಡೆ ಕಣ್ಣು ಹಾಯಿಸಿದ. ಮೇಲಿನವರು ಕೂತಿರುವಾಗ ಅವರಿಗೆ ಎದುರು ನಿಲ್ಲುವುದನ್ನು ಅವನ ವಯಸ್ಸಿನವರಿಗೆ ಅಲ್ಲಿ ಯಾರೂ ಕಲಿಸುವುದಿಲ್ಲ.

ಮೊದಲರ್ಧ ಮುಗಿದಾಗ ಎಂಟು–ಸೊನ್ನೆ. ಗೆಂಟಾ ಕೆಸರಾಗಿದ್ದ, ಏದುಸಿರು ಬಿಡುತ್ತಿದ್ದ, ಖುಷಿಯಾಗಿದ್ದ. "ಕೋಚ್, ಹನ್ನೊಂದ್ ಹಿಡ್ದೆ! ಎಣಿಸ್ಕೊಂಡಿದೀನಿ! ಬಿಟ್ಟಿದ್ದು ಎಂಟೇ!" ಎರಡನೇ ಅರ್ಧದ ಮೂರನೇ ನಿಮಿಷಕ್ಕೆ ಒಂಬತ್ತನೆಯದು ಬಿತ್ತು. ಅಲ್ಲಿಂದ ಪಟ್ಟಣದ ಹುಡುಗರ ಕಾಲು ಸತ್ತಿತು. ಬೇಕೆಂದೇ ಹೊರಗೆ ಒದೆಯುತ್ತಾರೆ. ಎದುರಿಗೆ ಗೋಲು ತೆರೆದಿದ್ದರೂ ಹಿಂದಕ್ಕೆ ಪಾಸು ಕೊಡುತ್ತಾರೆ. ಚೋಟು ಚೆಂಡಿನತ್ತ ಓಡಿಬಂದರೆ ದಾರಿ ಬಿಡುತ್ತಾರೆ. ಗೆರೆಯಾಚೆ ನಿಂತ ತಾತ್ಸುಯೆಗೆ ಅಣಬೆ ಬೆಳೆಗಾರ ಮುದುಕನ ಬಗ್ಗಿದ ಬೋಳುತಲೆ ಕಣ್ಣಿಗೆ ಕಟ್ಟಿತು.

ಆರನೇ ನಿಮಿಷದಲ್ಲಿ ಹಿಯೊರಿಗೆ ಚೆಂಡು ಸಿಕ್ಕಿತು. ಓಡಿದಳು, ಎಡವಿದಳು, ಎಡವುತ್ತಲೇ ಒದ್ದಳು. ಸತ್ತ ಚೆಂಡು ಅದು, ಉರುಳುತ್ತ ಹೋಯಿತು. ಹಳದಿ ಅಂಗಿ ತೊಟ್ಟ ಎದುರಾಳಿ ಗೋಲ್‌ಕೀಪರ್ ಅದನ್ನು ನೋಡಿದ, ತನ್ನ ಕೋಚ್ ಕಡೆ ನೋಡಿದ, ಬಲಗಾಲು ಒಂದಿಷ್ಟು ಎತ್ತಿದ. ಚೆಂಡು ಅವನ ಕಾಲ ಸಂದಿಯಲ್ಲಿ ಒಳಗೆ ಹೋಯಿತು. ಈ ವರ್ಷ ಕಝುರಾ ತಂಡದ ಮೊದಲ ಗೋಲು.

ಪಟ್ಟಣದ ತಾಯಂದಿರು ಚಪ್ಪಾಳೆ ತಟ್ಟಿದರು. ಬಹಳ ಹೊತ್ತು ತಟ್ಟಿದರು. ನೀಮುರಾ ಅವರೂ ಪುಸ್ತಕ ಕೆಳಗಿಟ್ಟು ತಟ್ಟಿದರು. ಕಝುರಾದ ಚೋಟುಗಳು ಕುಣಿದಾಡಿದವು. ಹಿಯೊರಿ ಕೈ ಎತ್ತಿದ್ದಳು. ಗೋಲ್‌ಕೀಪರ್‌ನ ಮುಖ ನೋಡಿ ಕೈ ಇಳಿಸಿದಳು.

ತಾತ್ಸುಯೆ ರೆಫರಿಯನ್ನು ಗೆರೆಯ ಹತ್ತಿರ ಕರೆದಳು. "ಅದು ಗೋಲಲ್ಲ. ತೆಗೆದುಹಾಕಿ."

ರೆಫರಿ ವಾರದಲ್ಲಿ ಐದು ದಿನ ಬ್ಯಾಂಕಿನಲ್ಲಿ ಕೂರುವವನು. "ಗೆರೆ ದಾಟಿದೆ ತಾಯಿ, ಗೋಲೇ. ತಮಗೇ ಬಂದ ಗೋಲನ್ನ ಬೇಡ ಅಂದೋರನ್ನ ನಾನು ನೋಡೇ ಇಲ್ಲ" ಎಂದು ತಲೆ ಕೆರೆದುಕೊಂಡು ಹೋದ.

ಹಿಯೊರಿ ಗೆರೆಯ ಬಳಿ ಬಂದಳು. ಅವಳ ಕಿವಿ ಕೆಂಪಾಗಿತ್ತು. "ಕೋಚ್, ಅವ್ನು ಬಿಟ್ಕೊಟ್ಟ."

"ಹೂಂ ಮರಿ. ನೋಡ್ದೆ."

"ನಾನು ಕೇಳಿರ್ಲಿಲ್ಲ."

"ಕೇಳಿರ್ಲಿಲ್ಲ."

ಹುಡುಗಿ ಹಳದಿ ಅಂಗಿಯವನ ಕಡೆ ತಿರುಗಿ ನೋಡಿದಳು. ಆಮೇಲೆ ಅಳುವ ದನಿಯಲ್ಲಿ ಅಲ್ಲ, ಲೆಕ್ಕ ಕೇಳುವ ದನಿಯಲ್ಲಿ ಕೇಳಿದಳು: "ಯಾರಾದ್ರೂ ಏನಾದ್ರೂ ಕೊಟ್ರೆ ನಾವು ಬರಿಗೈಲಿ ಇರೋ ಹಾಗಿಲ್ಲ ಅಲ್ವಾ?"

ದ್ವೀಪದಲ್ಲಿ ಅದು ಎದೆಹಾಲಿನ ಜೊತೆ ಬಂದ ಬುದ್ಧಿ. ಪಕ್ಕದ ಮನೆಯವರು ಒಂದು ಬಟ್ಟಲು ಗೆಡ್ಡೆ ಪಲ್ಯ ಕೊಟ್ಟರೆ ಬಟ್ಟಲು ಖಾಲಿ ಹಿಂದಿರುಗುವುದಿಲ್ಲ. ಎರಡು ಮೊಟ್ಟೆಯೋ ನಾಲ್ಕು ಕಿತ್ತಳೆಯೋ ಹಾಕಿಯೇ ಕೊಡಬೇಕು. ಸತ್ತವರ ಮನೆಗೆ ಕೊಟ್ಟದ್ದಕ್ಕೂ ಮರುಕೊಡುಗೆ ಬರುತ್ತದೆ. ಇಸಿದುಕೊಂಡು ಸುಮ್ಮನೆ ಕೂರುವವರನ್ನು ಅಲ್ಲಿ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಹಿಯೊರಿ ಏನು ಮಾಡಲಿದ್ದಾಳೆಂದು ತಾತ್ಸುಯೆಗೆ ಹೊಳೆಯುವಷ್ಟರಲ್ಲಿ ಅವಳು ಹೊರಟಾಗಿತ್ತು.

ಪಟ್ಟಣದ ಹುಡುಗರು ಆಟ ಮುಂದುವರಿಸಿ ಸೋಮಾರಿಯಾಗಿ ಪಾಸು ಮಾಡುತ್ತಿದ್ದರು. ಹಿಯೊರಿ ನಡುವೆ ನುಗ್ಗಿ ಚೆಂಡು ಕಸಿದಳು. ಕಸಿದವಳು ತಿರುಗಿದಳು. ತನ್ನದೇ ಗೋಲಿನತ್ತ ಓಡತೊಡಗಿದಳು. "ಎಲ್ಗೇ? ಈ ಕಡೆ ಅಲ್ಲ!" ಎಂದು ಚೋಟುಗಳು ಕಿರುಚಿದವು. ಅವಳು ನಿಲ್ಲಲಿಲ್ಲ. "ಗೆಂಟಾ, ಬಿಡು. ಮರುಕೊಡುಗೆ" ಎಂದಳು. ಗೆಂಟಾ, ಜನ್ಮದಲ್ಲಿ ಮೊದಲ ಸಲ ಏನೂ ಮಾತಾಡದೆ, ಪಕ್ಕಕ್ಕೆ ಸರಿದು, ಚೆಂಡು ಒಳಗೆ ಹೋಗುವಾಗ ಸೊಂಟ ಬಗ್ಗಿಸಿ ನಮಸ್ಕರಿಸಿದ.

ಹತ್ತು–ಒಂದು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹಿಯೊರಿ ಹಳದಿ ಅಂಗಿಯವನ ತನಕ ನಡೆದುಹೋಗಿ, ಎಲ್ಲರಿಗೂ ಕೇಳುವಂತೆ, "ಲೆಕ್ಕ ಸರಿಹೋಯ್ತು. ಈಗ ಆಡು" ಎಂದಳು. ಆ ಹುಡುಗನ ಮುಖ ಸುಟ್ಟ ಸೀಗಡಿಯ ಬಣ್ಣಕ್ಕೆ ತಿರುಗಿತು.

ತಾತ್ಸುಯೆ ಗೆರೆಯಗುಂಟ ನಡೆದು ಸೆಗಾವಾನ ಎದುರು ನಿಂತಳು. ಐದು ತಿಂಗಳು ಹಾಕಿದ್ದ ಬೀಗ ಅವಳ ಬಾಯಿಯಿಂದ ಬಿದ್ದುಹೋಗಿತ್ತು. "ನಿಮ್ ಮಕ್ಕಳಿಗೆ ಆಡೋಕ್ ಹೇಳಿ."

"ಇನ್ನೊಂದು ಗೋಲು ಬಿದ್ರೆ ಹತ್ತರ ಅಂತರ, ಇಸೊಬೆ-ಸಾನ್. ಸೀಟಿ ಊದ್ತಾರೆ. ಇನ್ನೂ ಹನ್ನೆರಡು ನಿಮಿಷ ಇದೆ."

"ಊದ್ಲಿ."

"ನಾನು ನಿಮ್ಮ ಒಳ್ಳೇದಕ್ಕೇ…"

"ಗೊತ್ತು ಕಣಪ್ಪ. ಒಂದ್ ಕಾಲದಲ್ಲಿ ನಾನೂ ಇದೇ ಒಳ್ಳೇದು ಮಾಡಿದೀನಿ. ಒಬ್ಬ ಮುದುಕ ಬಗ್ಗಿ ನಮಸ್ಕಾರ ಮಾಡಿ ನನ್ನ ಮುಖಕ್ಕೆ ಉಗಿದ. ನಿಮಗೆ ಹಾಗಾಗೋದು ಬೇಡ. ನಮ್ ಮಕ್ಕಳು ಸೋಲೋಕೆ ಹೆದರಲ್ಲ. ಅವರ ಮುಂದೆ ನಾಟಕ ಆಡ್ಬೇಡಿ, ಅಷ್ಟೇ."

ಸೆಗಾವಾ ತನ್ನ ಹುಡುಗರ ಕಡೆ ನೋಡಿದ. ಅವರೆಲ್ಲ ಇವನನ್ನೇ ನೋಡುತ್ತಿದ್ದರು, ತಪ್ಪು ಮಾಡಿಸಿದ ಮೇಷ್ಟರನ್ನು ನೋಡುವ ಹಾಗೆ. "ಆಡಿ" ಎಂದ. ದನಿ ಸಾಲಲಿಲ್ಲ. ಕೈಯನ್ನು ಬಾಯಿಗಿಟ್ಟು ಕೂಗಿದ: "ಸರಿಯಾಗಿ ಆಡ್ರೋ!"

ಆಡಿದರು. ಒಂದೇ ನಿಮಿಷದಲ್ಲಿ ಎಡಮೂಲೆಯಿಂದ ಬಂದ ಚೆಂಡು ಗೆಂಟಾನ ಬೆರಳು ಸವರಿ ಬಲೆಗೆ ಬಿತ್ತು. ಚೆಂದದ ಗೋಲು. ತಾತ್ಸುಯೆಯೇ "ಭೇಷ್!" ಎಂದಳು. ಹನ್ನೊಂದು–ಒಂದು. ಉದ್ದ ಸೀಟಿ ಕೇಳಿತು. ಗಡಿಯಾರದಲ್ಲಿ ಇನ್ನೂ ಹನ್ನೊಂದು ನಿಮಿಷ ಉಳಿದಿತ್ತು.

ಅಲ್ಲಿ ಆಟ ಮುಗಿಸುವುದು ಸೀಟಿಯಲ್ಲ. ಎರಡೂ ತಂಡದವರು ನಡುಗೆರೆಯಲ್ಲಿ ಎದುರುಬದುರು ಸಾಲಾಗಿ ನಿಂತು, ಒಟ್ಟಿಗೆ ಬಗ್ಗಿ ನಮಸ್ಕರಿಸಬೇಕು. ನಮಸ್ಕಾರವಾಗದೆ ಆಟ ಮುಗಿಯಿತೆಂದು ಯಾವ ಮಗುವೂ ಒಪ್ಪುವುದಿಲ್ಲ. ಪಟ್ಟಣದ ಹುಡುಗರು ಸಾಲು ನಿಂತರು. ಕಝುರಾದವರು ನಿಂತಲ್ಲೇ ನಿಂತು ತಾತ್ಸುಯೆಯ ಕಡೆ ತಿರುಗಿದರು.

ನೀಮುರಾ ಕುರ್ಚಿಯಿಂದ ಎದ್ದರು. "ಇಸೊಬೆ-ಸಾನ್, ಸಾಲು ನಿಲ್ಲಿಸಿ. ಕಾಗದ ನೆನಪಿದೆ ತಾನೇ?"

ನೆನಪಿತ್ತು. ಅದರ ಒಂದೊಂದು ಸಾಲೂ ನೆನಪಿತ್ತು. ಮಾರ್ಚಿ ಕಳೆದರೆ ಹಿಯೊರಿ ದೊಡ್ಡ ಶಾಲೆಗೆ ಹೋಗುತ್ತಾಳೆ. ಲೀಗು ತಪ್ಪಿದರೆ ಅವಳಿಗೇನೂ ನಷ್ಟವಿಲ್ಲ. ನಷ್ಟ ಗೆಂಟಾನಿಗೆ, ಚೋಟುಗಳಿಗೆ. ತನ್ನ ಹಟಕ್ಕೆ ಅವರ ವರ್ಷವನ್ನು ಬಲಿಕೊಡಲು ತಾನು ಯಾರು? ತಾತ್ಸುಯೆಗೆ ಅವತ್ತು ನಿಜವಾಗಿ ಭಯವಾಯಿತು. ಮಕ್ಕಳನ್ನು ಹತ್ತಿರ ಕರೆದು, ಮುಚ್ಚುಮರೆಯಿಲ್ಲದೆ ಹೇಳಿದಳು.

"ಕೇಳ್ರಿ. ಈಗ ಹೋಗಿ ನಮಸ್ಕಾರ ಮಾಡಿದ್ರೆ ಮುಂದಿನ್ ವರ್ಷ ಲೀಗಿದೆ. ಮಾಡದೇ ಇಲ್ಲೇ ನಿಂತ್ರೆ ಮುಂದಿನ್ ವರ್ಷ ಲೀಗಿಲ್ಲ. ನಾನ್ ಹೇಳಲ್ಲ, ನೀವ್ ಹೇಳಿ. ಮುಂದಿನ್ ವರ್ಷ ಇರೋರು ಹೇಳಿ."

ಚೋಟುಗಳು ಗೆಂಟಾನನ್ನು ನೋಡಿದವು. ಗೆಂಟಾ ಮೂಗು ಒರೆಸಿಕೊಂಡ. "ಮುಂದಿನ್ ವರ್ಷದ ಹದಿನಾಲ್ಕು ನಿಮಿಷ ಇಟ್ಕೊಂಡು ಏನ್ ಮಾಡೋದು, ಕೋಚ್? ಇವತ್ತಿನ ಹನ್ನೊಂದು ನಿಮಿಷ ಇಲ್ಲೇ ಬಿದ್ದಿದೆಯಲ್ಲ" ಎಂದು, ಬಲೆಯೊಳಗಿದ್ದ ಚೆಂಡನ್ನು ಎತ್ತಿಕೊಂಡು ಹೋಗಿ ಮೈದಾನದ ನಟ್ಟನಡುವೆ ಇಟ್ಟ. ಎಂಟೂ ಮಕ್ಕಳು ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತರು.

ತಾತ್ಸುಯೆ ನೀಮುರಾ ಅವರತ್ತ ತಿರುಗಿ ತಲೆಬಾಗಿದಳು. "ಕ್ಷಮಿಸಿ ನೀಮುರಾ-ಸಾನ್. ನಮ್ಮ ಆಟ ಮುಗಿದಿಲ್ಲ. ನೀವ್ ಏನ್ ಬರ್ಕೊಬೇಕೋ ಬರ್ಕೊಳಿ."

"ಇದು ಹಟಮಾರಿತನ!"

"ಹೌದು. ಹಟವೇ."

ಪಟ್ಟಣದ ಸಾಲು ಅಲುಗದೆ ನಿಂತಿತ್ತು. ಎದುರಿಗೆ ಬಗ್ಗಲು ಯಾರೂ ಇಲ್ಲ. ಬಿಟ್ಟು ಹೋಗಲು ಪದ್ಧತಿ ಬಿಡುವುದಿಲ್ಲ. ಸೆಗಾವಾ ಒಮ್ಮೆ ನೋಟುಪುಸ್ತಕದ ಕಡೆ ನೋಡಿದ, ಒಮ್ಮೆ ನಡುವಿನ ಚೆಂಡಿನ ಕಡೆ ನೋಡಿದ. ಆಮೇಲೆ ಮೈದಾನಕ್ಕಿಳಿದು ತನ್ನ ಹುಡುಗರಲ್ಲಿ ಇಬ್ಬರ ಭುಜ ಮುಟ್ಟಿದ. "ನೀವಿಬ್ರು ಬಂದು ನನ್ನ ಪಕ್ಕ ಕೂತ್ಕೊಳಿ. ಮಿಕ್ಕೋರು ಹೋಗಿ. ನಮಸ್ಕಾರ ಇನ್ನೂ ಆಗಿಲ್ಲವಂತೆ." ನೀಮುರಾ ಅವನನ್ನು ಹೆಸರು ಹಿಡಿದು ಕರೆದರು. ಅವನು ಬಗ್ಗಿ ನಮಸ್ಕರಿಸಿದ, ಆದರೆ ವಾಪಸ್ ಬರಲಿಲ್ಲ.

ರೆಫರಿ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಗೆರೆಯಾಚೆ ನಿಂತ. ರೆಫರಿಯಿಲ್ಲದೆ, ಅಂಕದ ಹಲಗೆಯಿಲ್ಲದೆ, ಎಂಟು ಮಕ್ಕಳೂ ಆರು ಮಕ್ಕಳೂ ಹನ್ನೊಂದು ನಿಮಿಷ ಆಡಿದರು. ಚೆಂಡು ಹೊರಹೋದರೆ ತಾವೇ ಕೈ ಎತ್ತಿ ಒಪ್ಪಿಕೊಂಡರು. ಪಟ್ಟಣದವರು ಆರೇ ಜನವಾದ್ದರಿಂದ ನಾಯಿಗಳ ಹಾಗೆ ಓಡಬೇಕಾಯಿತು, ಓಡಿದರು, ಎರಡು ಗೋಲು ಹೊಡೆದರು. ಕೊನೆಗೆ ಹಿಯೊರಿಗೆ ಮತ್ತೆ ಚೆಂಡು ಸಿಕ್ಕಿತು. ಈ ಸಲ ಎಡವಲಿಲ್ಲ. ಒದ್ದ ಚೆಂಡು ಬಲಗಂಬದ ಒಳಬದಿಗೆ ನೆಟ್ಟಗೆ ಹೋಗುತ್ತಿತ್ತು. ಹಳದಿ ಅಂಗಿಯವನು ಇಡೀ ಮೈ ಚೆಲ್ಲಿ ಹಾರಿ, ಕೈಬೆರಳ ತುದಿಯಿಂದ ಅದನ್ನು ಹೊರಗೆ ತಳ್ಳಿ, ಕೆಸರಿನಲ್ಲಿ ಮುಖ ಕೆಳಗಾಗಿ ಬಿದ್ದ.

"ತಡೆದ್ಬಿಟ್ಟ!" ಎಂದು ಹಿಯೊರಿ ಕಿರುಚಿದಳು. ಗೋಲು ಬಿದ್ದಾಗ ಇಳಿಸಿದ್ದ ಎರಡೂ ಕೈ ಈಗ ಮೇಲಿದ್ದವು. "ಕೋಚ್, ನೋಡಿದ್ರಾ? ಹಾರಿ ತಡ್ದ! ನಂದನ್ನ ಹಾರಿ ತಡ್ದ!" ಮಾತಿನಲ್ಲಿ ಕಲ್ಲು ಎನಿಸಿಕೊಂಡವಳು ಅಷ್ಟು ಉದ್ದ ಮಾತಾಡಿದ್ದನ್ನು ತಾತ್ಸುಯೆ ಕೇಳಿರಲಿಲ್ಲ.

ನಲವತ್ತನೇ ನಿಮಿಷಕ್ಕೆ ಮಕ್ಕಳೇ ನಿಂತರು. ಸಾಲಾದರು. ಒಟ್ಟಿಗೆ ಬಗ್ಗಿದರು.

ಮಕ್ಕಳು ಬೂಟು ಬಿಚ್ಚುತ್ತಿದ್ದಾಗ ನೀಮುರಾ ಬಂದರು. ಕೋಪ ಇಳಿದಿತ್ತು, ದಣಿವು ಉಳಿದಿತ್ತು. "ನಾನು ಮಕ್ಕಳ ಮನಸ್ಸು ನೋಯ್ಬಾರ್ದು ಅಂತ ಈ ನಿಯಮ ಮಾಡಿದ್ದು, ಇಸೊಬೆ-ಸಾನ್. ಮುರಿದ ಮೇಲೆ ಸುಮ್ನಿರೋಕಾಗಲ್ಲ. ಮುಂದಿನ ವರ್ಷ ನಿಮ್ಮ ತಂಡ ಇಲ್ಲ."

"ಒಪ್ಪಿದೆ. ಸೆಗಾವಾ-ಸಾನ್ ಮೇಲೆ ಮಾತ್ರ ಏನೂ ಬರೀಬೇಡಿ. ಅಂಕ ಏನಂತ ಬರೆದ್ರಿ?"

"ಹನ್ನೊಂದು–ಒಂದು."

"ತಪ್ಪು. ಹದಿಮೂರು–ಒಂದು."

"ಕೊನೇ ಎರಡು ಲೆಕ್ಕಕ್ಕಿಲ್ಲ. ಪಂದ್ಯ ಮುಗಿದ ಮೇಲಿನವು."

"ಹೊಡೆಸ್ಕೊಂಡೋರು ನಾವು, ನೀಮುರಾ-ಸಾನ್. ಲೆಕ್ಕಕ್ಕಿದೆಯೋ ಇಲ್ವೋ ನಾವ್ ಹೇಳ್ತೀವಿ. ಆ ಎರಡನ್ನ ಬಿಡ್ಬೇಡಿ, ಬರೀರಿ."

ನೀಮುರಾ ಪೆನ್ನಿನ ಮುಚ್ಚಳ ತೆಗೆದರು, ಹಾಳೆಯ ಮೇಲೆ ಹಿಡಿದರು, ಮತ್ತೆ ಮುಚ್ಚಿದರು. ಕುರ್ಚಿ ಮಡಚಿಕೊಂಡು ಹೊರಟುಹೋದರು.

ಡಿಸೆಂಬರಿನಲ್ಲಿ ಸಮಿತಿಯಿಂದ ಎರಡು ಕಾಗದ ಬಂದವು. ಒಂದರಲ್ಲಿ ಕೆಂಪು ಮೊಹರು ಹಾಕಿ, ಒಂದು ವರ್ಷ ಜಾಗವಿಲ್ಲ ಎಂದಿತ್ತು. ಇನ್ನೊಂದು ವರ್ಷದ ಪಂದ್ಯಗಳ ಅಚ್ಚಾದ ಪಟ್ಟಿ. ಅದರಲ್ಲಿ ಕೊನೆಯ ಸಾಲು ಹನ್ನೊಂದು–ಒಂದು. ಮೊಹರಿನ ಕಾಗದವನ್ನು ತಾತ್ಸುಯೆ ಒಲೆಗೆ ಹಾಕಿದಳು. ಪಟ್ಟಿಯಲ್ಲಿದ್ದ ಹನ್ನೊಂದನ್ನು ದಪ್ಪ ಪೆನ್ನಿನಲ್ಲಿ ಹೊಡೆದು, ಮೇಲೆ ಹದಿಮೂರು ಎಂದು ಬರೆದು, ಅದನ್ನು ಲಾಂಚಿಗೆ ಕಾಯುವ ಕೋಣೆಯಲ್ಲಿ ವೇಳಾಪಟ್ಟಿಯ ಪಕ್ಕ ಅಂಟಿಸಿದಳು. ಹೊರಗಿನಿಂದ ಬಂದವರು ಹೊತ್ತು ಹೋಗದೆ ಅದನ್ನು ಓದುತ್ತಾರೆ. ಮೊನ್ನೆ ಒಬ್ಬ ಪ್ರವಾಸಿ ನಕ್ಕು, "ಅಜ್ಜಿ, ಸೋತಿದ್ದನ್ನ ಯಾರಾದ್ರೂ ಗೋಡೆಗೆ ಅಂಟಿಸ್ತಾರಾ? ಅದೂ ಹೆಚ್ಚಿಗೆ ಮಾಡ್ಕೊಂಡು?" ಎಂದು ಕೇಳಿದ.

"ಹೆಚ್ಚಿಗೆ ಏನ್ ಮಾಡಿಲ್ಲ" ಎಂದಳು ತಾತ್ಸುಯೆ. "ಅವ್ರು ಕಮ್ಮಿ ಬರೆದಿದ್ರು."